ಮೈನಸ್ ನಲವತ್ತು ಡಿಗ್ರಿ

ಮಠದ ಕಾರು ಓಡಿಸುವ ಅಡಿವೆಪ್ಪ ಒಂದು ಮಧ್ಯಾಹ್ನ ಗುರುಗಳ ಮುಂದೆ ಕುಳಿತು ಕೇಳಿದ:

"ಬುದ್ಧಿ, ನನ್ನನ್ನು ಸಾಕಿದ ಅಕ್ಕ ತೀರಿಕೊಂಡು ನಾಲ್ಕು ತಿಂಗಳಾಯಿತು. ಮಣ್ಣು ಮಾಡುವಾಗಲೂ ನನಗೆ ಅಳು ಬರಲಿಲ್ಲ. ಈಗಲೂ ಒಳಗೆ ಏನೂ ಇಲ್ಲ, ಎಲ್ಲ ತಣ್ಣಗಿದೆ. ನನಗೆ ವೈರಾಗ್ಯ ಬಂದಿದೆಯೇ?"

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನಲ್ಲಿ ಕೊಟ್ರೇಶಿ ಎಂಬ ಮೆಕ್ಯಾನಿಕ್ ಇದ್ದ. ಅದೇ ಊರಿನ ಬಟ್ಟೆ ವ್ಯಾಪಾರಿ ಪಂಪಣ್ಣ ತನ್ನ ಡೀಸೆಲ್ ಕಾರನ್ನು ಅವನ ಕೈಗಲ್ಲದೆ ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಪಂಪಣ್ಣನ ಹೆಂಡತಿ ನೀಲಮ್ಮನಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ಗುಡ್ಡ ದಾಟಿ ಎಪ್ಪತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಬೇಕಿತ್ತು. ಆಕೆಯ ಜೀವ ಆ ಕಾರಿನ ಮೇಲೆ ನಿಂತಿತ್ತು.

ಒಂದು ದಿನ ಕಾರು ಗುಡ್ಡ ಹತ್ತಲಿಲ್ಲ. ಇಂಜಿನ್ ದೀಪ ಹೊತ್ತಿಕೊಂಡಿತ್ತು. ಎಷ್ಟು ತುಳಿದರೂ ವೇಗ ಮೂವತ್ತು ದಾಟಲಿಲ್ಲ. ಅರ್ಧ ದಾರಿಯಿಂದ ಹಿಂದಿರುಗಿದ ಪಂಪಣ್ಣ ಕಾರನ್ನು ನೇರವಾಗಿ ಗ್ಯಾರೇಜಿಗೆ ತಂದ. ಕೊಟ್ರೇಶಿ ಸ್ಕ್ಯಾನರ್ ಜೋಡಿಸಿ ನೋಡಿದ. ಇಂಜಿನ್‌ಗೆ ಗಾಳಿ ಒತ್ತಿ ಬಲ ಕೊಡುವ ಟರ್ಬೊ ಇದೆಯಲ್ಲ, ಅದರ ಬಿಸಿ ಅಳೆಯುವ ಸೆನ್ಸರ್‌ನಿಂದ ಸಿಗ್ನಲ್ ಬರುತ್ತಿರಲಿಲ್ಲ. ಬಿಸಿ ಎಷ್ಟು ಎಂದು ನೋಡಿದರೆ ಮೈನಸ್ ನಲವತ್ತು ಡಿಗ್ರಿ. ಹೊರಗೆ ಏಪ್ರಿಲ್ ಬಿಸಿಲು. ಟರ್ಬೊ ಹತ್ತಿರ ಕೈ ಒಯ್ಯಲಾಗದಷ್ಟು ಕಾದಿತ್ತು. ಸುದ್ದಿ ಬಾರದೆ ಹೋದಾಗ ಸ್ಕ್ಯಾನರ್ ಹೀಗೆ ತೋರಿಸುತ್ತದೆ, ಬಿಸಿ ಎಷ್ಟೆಂದು ತಿಳಿಯದ ಕಾರಿನ ಕಂಪ್ಯೂಟರ್ ಇಂಜಿನ್‌ನ ಬಲವನ್ನು ತಾನೇ ತಗ್ಗಿಸಿಬಿಡುತ್ತದೆ ಎಂಬುದು ಅವನಿಗೆ ಗೊತ್ತಿದ್ದ ವಿಷಯ.

ಅವನು ಸೆನ್ಸರ್ ಬದಲಾಯಿಸಿದ. ಕಾರು ಸರಿಯಾಯಿತು. ಆದರೆ ಒಂದು ಸಲ ಆಸ್ಪತ್ರೆಗೆ ಹೋಗಿ ಬರುವಷ್ಟರಲ್ಲಿ ಮತ್ತೆ ದೀಪ ಹೊತ್ತಿತು. ಇನ್ನೊಂದು ಸೆನ್ಸರ್ ಹಾಕಿದ. ಎರಡು ದಿನಕ್ಕೆ ಮತ್ತೆ ಮೈನಸ್ ನಲವತ್ತು. ಮೂರನೆಯ ಸಲ ಅವನಿಗೆ ಅನುಮಾನ ಬಂತು: ಕೆಟ್ಟಿರುವುದು ಸೆನ್ಸರ್ ಅಲ್ಲ, ಅದರ ವೈರ್ ಎಲ್ಲೋ ತುಂಡಾಗಿದೆ. ಆ ವೈರ್ ಟರ್ಬೊದ ಹಿಂದೆ, ತಗಡಿನ ಕವಚದ ಕೆಳಗೆ ಹಾದುಹೋಗಿತ್ತು. ಬಿಚ್ಚಿ ನೋಡಲು ಎರಡು ದಿನ ಬೇಕು ಎಂದು ಪಂಪಣ್ಣನಿಗೆ ಹೇಳಿದ.

ಮರುದಿನ ಬೆಳಿಗ್ಗೆಯೇ ನೀಲಮ್ಮನ ಸರದಿ ಇತ್ತು. ಹಿಂದಿನ ಸರದಿ ಈ ಕಾರಿನಿಂದಲೇ ತಪ್ಪಿ, ಆಕೆಯ ಕಾಲು ಮುಖ ಊದಿಕೊಂಡಿದ್ದವು. ಮದುವೆಗಳ ಕಾಲ, ಊರಿನ ಬಾಡಿಗೆ ಗಾಡಿಗಳಲ್ಲಿ ಒಂದೂ ಖಾಲಿ ಇರಲಿಲ್ಲ. ಪಂಪಣ್ಣ ಮೆಕ್ಯಾನಿಕ್‌ನ ಕೈ ಹಿಡಿದುಕೊಂಡ.

"ಕೊಟ್ರೇಶಿ, ಇದೊಂದು ಸಲ ಗುಡ್ಡ ದಾಟಿಸಿಕೊಡಪ್ಪ. ಆಮೇಲೆ ಏನು ಬೇಕಾದರೂ ಬಿಚ್ಚಿಕೋ."

ಕೊಟ್ರೇಶಿ ಕಂಪ್ಯೂಟರ್‌ಗೆ ಹೋಗುವ ವೈರ್‌ನ ತುದಿಗೆ ಅಕ್ಕಿಕಾಳಿನಷ್ಟು ಸಣ್ಣ ರೆಸಿಸ್ಟರ್ ಒಂದನ್ನು ಬೆಸೆದ. ಇನ್ನು ಟರ್ಬೊ ಹೇಗೇ ಇರಲಿ, ಬಿಸಿ ಹದವಾಗಿದೆ ಎಂಬ ಸುದ್ದಿಯೇ ಕಂಪ್ಯೂಟರ್‌ಗೆ ಹೋಗುತ್ತಿತ್ತು. ದೀಪ ಆರಿತು. ಕಾರಿಗೆ ಬಲ ಬಂತು. ಪಂಪಣ್ಣ ಕಣ್ಣಲ್ಲಿ ನೀರು ತಂದುಕೊಂಡು ಅವನಿಗೆ ಕೈ ಮುಗಿದ.

ಮರುದಿನ ಅವರು ಗುಡ್ಡ ದಾಟಿದರು. ಮುಂದಿನ ಸಲವೂ ದಾಟಿದರು. ಬಿಚ್ಚಲು ಕಾರು ತರಬೇಕೆಂದು ಪಂಪಣ್ಣ ಅಂದುಕೊಳ್ಳುತ್ತಲೇ ಇದ್ದ. ಕರೆಸಬೇಕೆಂದು ಕೊಟ್ರೇಶಿಗೂ ಆಗಾಗ ಅನಿಸುತ್ತಿತ್ತು. ಆದರೆ ಕಾರು ಚೆನ್ನಾಗಿ ಓಡುತ್ತಿತ್ತು.

ಮೂರನೆಯ ವಾರ ಒಂದು ಬೆಳಿಗ್ಗೆ ನೀಲಮ್ಮನಿಗೆ ಉಸಿರು ಕಟ್ಟತೊಡಗಿತು. ಪಂಪಣ್ಣ ಎಂದೂ ಓಡಿಸದಷ್ಟು ಜೋರಾಗಿ ಕಾರು ಓಡಿಸಿದ. ಗುಡ್ಡದ ನಡು ಏರಿನಲ್ಲಿ ಟರ್ಬೊ ಕಚ್ಚಿಕೊಂಡು ಮುರಿಯಿತು. ಹೊಗೆ ತುಂಬಿ ಇಂಜಿನ್ ನಿಂತಿತು. ಅವನು ರಸ್ತೆಯ ನಡುವೆ ನಿಂತು ಕೈ ಬೀಸಿದ. ಲಾರಿಗಳು ಪಕ್ಕಕ್ಕೆ ಸರಿದು ಹೋದವು. ಬಹಳ ಹೊತ್ತಿನ ಮೇಲೆ ಒಂದು ಹಾಲಿನ ವ್ಯಾನ್ ನಿಂತಿತು. ಕ್ಯಾನ್‌ಗಳ ನಡುವೆ ಹೆಂಡತಿಯನ್ನು ಒರಗಿಸಿಕೊಂಡು ಕುಳಿತ. ಗುಡ್ಡ ಇಳಿಯುವ ಮೊದಲೇ ಆಕೆ ತೀರಿಕೊಂಡಳು.

ಕೊಟ್ರೇಶಿ ಕಾರನ್ನು ಎಳೆಸಿ ತಂದು ಎರಡು ದಿನ ಕುಳಿತು ಬಿಚ್ಚಿದ. ಟರ್ಬೊಗೆ ಎಣ್ಣೆ ಒಯ್ಯುವ ಪೈಪು ಮಸಿಗಟ್ಟಿ ಮುಚ್ಚಿಹೋಗಿತ್ತು. ಎಣ್ಣೆ ಸಾಲದೆ ಟರ್ಬೊ ಎಷ್ಟೋ ದಿನಗಳಿಂದ ಒಳಗೊಳಗೇ ಬೇಯುತ್ತಿತ್ತು. ಪಕ್ಕದಲ್ಲಿದ್ದ ವೈರ್‌ನ ಹೊದಿಕೆ ಕರಗಿ, ತಂತಿ ತುಂಡಾಗಿತ್ತು. ಸೆನ್ಸರ್ ಬದಲಾಯಿಸುವಾಗಲೆಲ್ಲ ವೈರ್ ಅಲುಗಿ, ತುಂಡಾದ ತುದಿಗಳು ತುಸು ಕಾಲ ತಾಗಿಕೊಂಡಿದ್ದವು, ಅಷ್ಟೆ. ಯಾವ ಬಿಸಿಯ ಸುದ್ದಿಯನ್ನು ಆ ವೈರ್ ಮುಟ್ಟಿಸಬೇಕಿತ್ತೋ, ಆ ಬಿಸಿಯೇ ಅದನ್ನು ಸುಟ್ಟಿತ್ತು.

ಅವನು ಆ ಸುಟ್ಟ ವೈರ್ ಹಿಡಿದುಕೊಂಡು ಪಂಪಣ್ಣನ ಮನೆಗೆ ಹೋದ. ತಾನು ಮಾಡಿದ್ದನ್ನೂ ಮಾಡದೆ ಬಿಟ್ಟದ್ದನ್ನೂ ಬಾಗಿಲಲ್ಲಿ ನಿಂತೇ ಹೇಳಿದ. ಪಂಪಣ್ಣ ಬೈಯಲಿಲ್ಲ, ವೈರ್‌ನ ಕಡೆಗೂ ನೋಡಲಿಲ್ಲ.

"ನಿನ್ನನ್ನು ಒಂದು ದಿನ ಊಟಕ್ಕೆ ಕರೆಯಬೇಕು ಎನ್ನುತ್ತಿದ್ದಳು" ಎಂದು ಹೇಳಿ ಒಳಗೆ ಹೋದ.

ಕೊಟ್ರೇಶಿ ಮತ್ತೆ ಕೈಯಲ್ಲಿ ಪಾನಾ ಹಿಡಿಯಲಿಲ್ಲ. ಪಂಪಣ್ಣ ಕಾರನ್ನು ಕೇಳಿಕೊಂಡು ಬರಲಿಲ್ಲ. ಮುಚ್ಚಿದ ಗ್ಯಾರೇಜಿನ ಮುಂದೆ ಅದು ಬಿಚ್ಚಿದ ಹಾಗೆಯೇ ತುಕ್ಕು ಹಿಡಿಯಿತು.

ಗುರುಗಳು ಕಥೆ ಮುಗಿಸಿದರು. ಅಡಿವೆಪ್ಪ ತಲೆ ಅಲ್ಲಾಡಿಸಿದ.

"ಮೊದಲ ದಿನವೇ ಬಿಚ್ಚಿ ನೋಡಬೇಕಿತ್ತು, ಬುದ್ಧಿ" ಎಂದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

"ಚಿಕ್ಕವನಿದ್ದಾಗ ನಿನ್ನ ಅಕ್ಕ ನಿನ್ನನ್ನು ಏನೆಂದು ಕರೆಯುತ್ತಿದ್ದಳು?"

ಅಡಿವೆಪ್ಪ ಬಾಯಿ ತೆರೆದ. ಹೆಸರಿನ ಬದಲು ಅಳು ಹೊರಟಿತು.