ಕೆಡಬಾರದ ಹಾಸಿಗೆ

“ಹದಿನಾಲ್ಕು ಕೆಲಸ, ಎರಡು ಕೈ. ಯಾವುದನ್ನು ಬಿಡಲಿ ಮೇಡಂ?”

ಹೀಗೆ ಕೇಳಿದವಳು ಲತಾಮಣಿ. ನರ್ಸಿಂಗ್ ಶಾಲೆಗೆ ಸೇರಿ ಅವಳಿಗೆ ನಾಲ್ಕು ತಿಂಗಳಾಗಿತ್ತು. ಕೇಳಿಸಿಕೊಂಡವರು ಪುಟ್ಟಗೌರಮ್ಮ. ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದು, ಈಗ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅವರು ಮೇಜಿನ ಮುಂದೆ ಕುಳಿತು, ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಕತ್ತರಿಸಿ ಮಡಚುತ್ತಿದ್ದರು.

“ಕೂತ್ಕೊ. ಸುಮ್ಮನೆ ಕೂರಬೇಡ, ಮಡಚು. ಬಾಯಿ ಮಾತಾಡಲಿ, ಕೈ ಕೆಲಸ ಮಾಡಲಿ” ಎಂದು ಒಂದು ಕಟ್ಟು ಬಟ್ಟೆಯನ್ನು ಅವಳ ಮುಂದೆ ತಳ್ಳಿದರು.

ಲತಾಮಣಿ ಕೂತಳು. ಜೇಬಿನಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಒಂದರಲ್ಲಿ ಹದಿನಾಲ್ಕು ಕೆಲಸಗಳ ಪಟ್ಟಿ ಇತ್ತು. ಹಾಸಿಗೆ ಹಾಸುವುದು, ಜ್ವರ ನೋಡಿ ಬರೆಯುವುದು, ಮೈ ಒರೆಸುವುದು, ರೋಗಿಯ ವಿವರದ ಪುಸ್ತಕ ತುಂಬುವುದು, ಸೋಮವಾರದ ಪರೀಕ್ಷೆಗೆ ಓದುವುದು, ಹೀಗೆ ಕಾಗದದ ಕೆಳತುದಿಯವರೆಗೆ ಇಳಿದಿತ್ತು. ಇನ್ನೊಂದರಲ್ಲಿ ಎರಡೇ ಸಾಲು. ಶಾಲೆ ಬಿಟ್ಟು ಹೋಗಲು ಒಪ್ಪಿಗೆ ಕೊಡಬೇಕು ಎಂದು ಅವಳು ಬರೆದಿದ್ದಳು. ಅದಕ್ಕೆ ಪುಟ್ಟಗೌರಮ್ಮನವರ ಸಹಿ ಆಗಬೇಕಿತ್ತು.

“ಏಳನೇ ಬೆಡ್ಡಿನ ಅಜ್ಜಿ ಒಬ್ಬರೇ ಸಾಕು ಮೇಡಂ, ನನ್ನ ಜೀವ ತೆಗೆಯೋಕೆ. ನೀರು ಅಂತಾರೆ, ಕೊಡ್ತೀನಿ. ಕಿಟಕಿ ಮುಚ್ಚು ಅಂತಾರೆ, ಮುಚ್ತೀನಿ. ಆಚೆ ತಿರುಗೋದರೊಳಗೆ ಕಿಟಕಿ ತೆಗಿ ಅಂತಾರೆ. ಅಷ್ಟೊತ್ತಿಗೆ ಸಿಸ್ಟರ್ ಬಂದು, ಇನ್ನೂ ಜ್ವರ ಬರೆದಿಲ್ಲವಾ ಅಂತ ಬೈತಾರೆ. ಹಾಸ್ಟೆಲಿಗೆ ಹೋದರೆ ಮೂಳೆಗಳ ಪಾಠ. ಇನ್ನೂರ ಆರು ಮೂಳೆ ಮೇಡಂ! ನನ್ನ ಕೈಲಾಗಲ್ಲ.”

“ಅಷ್ಟೂ ನಿನ್ನ ಮೈಯಲ್ಲೇ ಇವೆಯಲ್ಲೇ. ಎಲ್ಲಿಗೂ ಓಡಿಹೋಗಲ್ಲ ಬಿಡು” ಎಂದು ಪುಟ್ಟಗೌರಮ್ಮ ನಕ್ಕರು. ಎದ್ದು ಹೋಗಿ ಬೀರುವಿನಿಂದ ಒಂದು ಫೈಲು ತಂದು, ತೆರೆಯದೆ ಪಕ್ಕದಲ್ಲಿಟ್ಟುಕೊಂಡರು. “ಬಿಡುವ ಅರ್ಜಿಯನ್ನು ಸೇರುವ ಅರ್ಜಿಯ ಜೊತೆ ಲಗತ್ತಿಸಿ ಆಫೀಸಿಗೆ ಕೊಡಬೇಕು. ಇದು ನಿನ್ನ ಸೇರುವ ಅರ್ಜಿ. ಎರಡು ಸಲ ಅರ್ಜಿ ಹಾಕಿದವಳಲ್ಲವೇನೆ ನೀನು?”

“ಹೌದು ಮೇಡಂ. ಮೊದಲನೇ ಸಲ ಫೋಟೋ ಅಂಟಿಸೋದು ಮರೆತಿದ್ದೆ.”

“ಭೇಷ್! ಒಂದು ಫೋಟೋ ಅಂಟಿಸೋಕೆ ಇಡೀ ಒಂದು ವರ್ಷ ಕಾದವಳು, ನಾಲ್ಕು ತಿಂಗಳಿಗೇ ಗಂಟು ಕಟ್ಟಿದೀಯ. ಆಗಲಿ, ಸಹಿ ಹಾಕ್ತೀನಿ. ನನಗೇನು ಕಷ್ಟ? ಬಟ್ಟೆ ಮಡಚಿ ಮುಗಿಯೋವರೆಗೆ ಒಂದು ಕತೆ ಕೇಳು.”

ಪುಟ್ಟಗೌರಮ್ಮ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯೆ ಇದ್ದಳು. ಕಾಯಿಲೆಯವರನ್ನು ಇಟ್ಟುಕೊಂಡು ನೋಡಿಕೊಳ್ಳಲು ದೊಡ್ಡದೊಂದು ಮನೆ ಕಟ್ಟಿಸಿದ್ದಳು. ಆರೈಕೆಯ ಕೆಲಸ ಕಲಿಯಲು ವರ್ಷಕ್ಕೆ ನಾಲ್ಕು ಹುಡುಗಿಯರನ್ನು ಮಾತ್ರ ಸೇರಿಸಿಕೊಳ್ಳುತ್ತಿದ್ದಳು. ಕೇಳಿಕೊಂಡು ಬರುವವರು ನಲವತ್ತು ಜನ. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು, ನನಗೆ ಸೇವೆ ಮಾಡುವ ಆಸೆ ಎಂದು. ಎಲ್ಲರದೂ ಬಾಯಿಪಾಠ. ಕೇಳಿ ಕೇಳಿ ವೈದ್ಯೆಗೆ ಆಕಳಿಕೆ ಬರುತ್ತಿತ್ತು. ನಿಮ್ಮ ಸಂದರ್ಶನದ ದಿನ ನನಗೂ ಬಂತು, ಸುಳ್ಳು ಯಾಕೆ ಹೇಳಲಿ.

ಒಂದು ವರ್ಷ ಒಬ್ಬ ಹುಡುಗಿ ಬಂದಳು. “ನಿನಗೆ ಏನು ಬರುತ್ತೆ?” ಎಂದು ವೈದ್ಯೆ ಕೇಳಿದಳು.

“ಏನೂ ಬರಲ್ಲ ತಾಯಿ. ನಮ್ಮಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮೂರು ತಿಂಗಳು ನಾನೇ ನೋಡಿಕೊಂಡೆ. ಮಲಗಿದ್ದಲ್ಲಿಂದ ಬೈಯೋಕೆ ಅವಳಿಗೆ ಒಬ್ಬರು ಬೇಕಿತ್ತು, ನಾನಿದ್ದೆ.”

ವೈದ್ಯೆ ಬಿದ್ದು ಬಿದ್ದು ನಕ್ಕಳು. ಅವಳನ್ನು ಸೇರಿಸಿಕೊಂಡಳು. ಹುಡುಗಿ ಹೊರಡುವ ದಿನ ಅವಳಮ್ಮ ಕೋಲೂರಿಕೊಂಡು ಬೀದಿಯ ಕೊನೆಯವರೆಗೆ ಬಂದಳು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ, ನನ್ನ ಮಗಳಿಗೆ ಜಾಗ ಸಿಕ್ಕಿತು, ನಲವತ್ತು ಜನರಲ್ಲಿ ನನ್ನ ಮಗಳಿಗೆ ಸಿಕ್ಕಿತು ಎಂದು ಹೇಳಿದ್ದೇ ಹೇಳಿದ್ದು.

ಆ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಒಬ್ಬೊಬ್ಬ ಹುಡುಗಿಗೆ ಆರು ಹಾಸಿಗೆ. ಬೆಳಗಿನ ಗಂಟೆ ಹೊಡೆಯುವುದರೊಳಗೆ ಆರು ಹಾಸಿಗೆ ಹಾಸಿರಬೇಕು, ಆರು ಚೊಂಬಿಗೆ ನೀರು ತುಂಬಿರಬೇಕು, ಮೈ ಒರೆಸಿರಬೇಕು, ಗಂಜಿ ಕುಡಿಸಿರಬೇಕು. ಒಬ್ಬೊಬ್ಬರ ತಲೆದೆಸೆಯಲ್ಲೂ ಒಂದು ಹಲಗೆ ತೂಗುಹಾಕಿತ್ತು. ಅವರು ನಿದ್ದೆ ಮಾಡಿದರೇ, ಊಟ ಸೇರಿತೇ, ಮೈ ಬಿಸಿ ಇದೆಯೇ ಎಂಬುದನ್ನು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಗಂಟೆ ಹೊಡೆದಾಗ ಕೆಲಸ ಬಾಕಿ ಇದ್ದರೆ ತಡವಾಯಿತು ಎಂದು ಲೆಕ್ಕ. ಮೂರು ಸಲ ತಡವಾದರೆ ಮನೆಗೆ.

ಮೊದಲನೇ ವಾರದಲ್ಲೇ ಹುಡುಗಿಗೆ ಎರಡು ಸಲ ತಡವಾಯಿತು. ಇನ್ನೊಂದು ಸಲವಾದರೆ ಗಂಟು ಕಟ್ಟಬೇಕು. ಕೋಲೂರಿಕೊಂಡು ಬೀದಿಯ ಕೊನೆಗೆ ಬಂದಿದ್ದ ಅಮ್ಮನ ಮುಖ ಕಣ್ಣ ಮುಂದೆ ಬಂದು ಅವಳಿಗೆ ಅಳು ಬಂತು. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಯೋಚನೆ ಮಾಡಿದಳು. ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿದ್ದುದು ಹಾಸಿಗೆ ಹಾಸುವುದಕ್ಕೆ. ಅದಕ್ಕೆ ಕಾರಣವೂ ಅವಳಿಗೆ ಹೊಳೆಯಿತು. ಹಾಸಿಗೆಯಲ್ಲಿ ಕಾಯಿಲೆಯವರು ಮಲಗಿರುತ್ತಿದ್ದರು.

ನಗಬೇಡ. ನಗುವುದು ಸುಲಭ.

ಮರುದಿನ ಅವಳು ಎಲ್ಲರನ್ನೂ ಎಬ್ಬಿಸಿ ಜಗಲಿಯ ಮೇಲೆ ಕೂರಿಸಿದಳು. ಐದು ಜನ ತಾವೇ ನಡೆದುಹೋದರು. ಆರನೆಯವನು ಒಬ್ಬ ಮುದುಕ ಕುಂಬಾರ, ಜ್ವರ ಆಗಷ್ಟೇ ಬಿಟ್ಟು ಸೊರಗಿದ್ದ. ಅವನನ್ನು ತೋಳು ಹಿಡಿದು ನಡೆಸಿಕೊಂಡು ಹೋದಳು. ಖಾಲಿ ಹಾಸಿಗೆ ಹಾಸುವುದು ಎಷ್ಟು ಹೊತ್ತಿನ ಕೆಲಸ? ಚಕಚಕನೆ ಮುಗಿಯಿತು. ಹಾಸುಬಟ್ಟೆಯ ಮೇಲೆ ಒಂದು ಸುಕ್ಕಿಲ್ಲ. ಮೈ ಒರೆಸಿಕೊಳ್ಳಲು ಒಂದೊಂದು ಒದ್ದೆ ಬಟ್ಟೆಯನ್ನು ಅವರ ಕೈಗೇ ಕೊಟ್ಟು, ಗಂಜಿಯ ಬಟ್ಟಲುಗಳನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟುಬಿಟ್ಟಳು. ಹಲಗೆಗಳ ಮೇಲೆ ಹಿಂದಿನ ದಿನ ಬರೆದದ್ದು ಇತ್ತು. ಅದನ್ನು ಅಳಿಸಲಿಲ್ಲ, ಹಾಗೇ ಬಿಟ್ಟಳು. ಗಂಟೆ ಹೊಡೆಯುವ ಮುಂಚೆಯೇ ಕೈ ತೊಳೆದುಕೊಂಡು ನಿಂತಿದ್ದಳು.

ಹೀಗೆ ಒಂಬತ್ತು ದಿನ ನಡೆಯಿತು. ಉಳಿದ ಹುಡುಗಿಯರು ಅವಳ ಹಾಸಿಗೆಗಳನ್ನು ನೋಡಲೆಂದೇ ಬಂದು ಹೋದರು. ಹೇಗೆ ಮಾಡ್ತೀಯೇ ಎಂದು ಕೇಳಿದರು. ಇವಳು ಹೇಳಲಿಲ್ಲ, ಬೀಗಿದಳು.

ಹತ್ತನೆಯ ದಿನ ಗಂಟೆಗೆ ಮುಂಚೆಯೇ ವೈದ್ಯೆ ಬಂದಳು. ಆರು ಹಾಸಿಗೆ ನೋಡಿದಳು. ಕನ್ನಡಿಯ ಹಾಗೆ ಇದ್ದವು, ಆರೂ ಖಾಲಿ. ಕುಂಬಾರನ ಹಲಗೆ ಓದಿದಳು. ನಿದ್ದೆ ಚೆನ್ನಾಗಿದೆ, ಊಟ ಸೇರಿದೆ, ಜ್ವರವಿಲ್ಲ ಎಂದಿತ್ತು. ಸೀದಾ ಜಗಲಿಗೆ ಹೋದಳು. ಮುದುಕ ಕಂಬಳಿ ಸುತ್ತಿಕೊಂಡು ಗಡಗಡ ನಡುಗುತ್ತ ಕೂತಿದ್ದ.

“ಅಯ್ಯೋ, ಇಲ್ಲಿ ಯಾಕೆ ಕೂತಿದೀಯ ಅಜ್ಜ?”

“ಈಗ ತಾನೇ ಹಾಸಿರೋ ಹಾಸಿಗೆ ತಾಯಿ, ಮುಟ್ಟಿದರೆ ಕೆಡುತ್ತೆ. ನಾನು ಕುಂಬಾರ. ಹಸಿ ಮಡಕೆ ಮುಟ್ಟಬಾರದು ಅಂತ ನನಗೆ ಗೊತ್ತಿಲ್ಲವಾ? ಪಾಪ, ಮಗು ಕಷ್ಟಪಟ್ಟು ಮಾಡಿದೆ. ಬೈಬೇಡಿ.”

ಹುಡುಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ವೈದ್ಯೆ ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಮುದುಕ ತನ್ನ ಪರ ಮಾತಾಡಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದಳು.

ವೈದ್ಯೆ ಬೈಯಲಿಲ್ಲ. ಒಳಗೆ ಬಂದು ಕುಂಬಾರನ ಹಾಸಿಗೆಯ ಮೇಲೆ ಧೊಪ್ಪನೆ ಕೂತು ಎದ್ದಳು. ಪಕ್ಕದ ಹಾಸಿಗೆಯ ಮೇಲೂ ಕೂತು ಎದ್ದಳು. ಹೀಗೆ ಆರೂ ಹಾಸಿಗೆಗಳ ಮೇಲೆ ಕೂತು ಎದ್ದು ಮುಗಿಸಿದಳು. ದಪ್ಪನೆಯ ಹೆಂಗಸು ಅಂತ ಬೇರೆ ಹೇಳಬೇಕಾ?

“ಎಲ್ಲ ಕೆಟ್ಟಿತು. ಈಗ ಅಜ್ಜನನ್ನು ಕರೆತಂದು ಮಲಗಿಸು. ಮಲಗಿಸಿ ಹಾಸು.”

“ಅವರು ಮಲಗಿದ್ದರೆ ಹೇಗೆ ಹಾಸಲಿ ತಾಯಿ?”

“ನಿಮ್ಮಮ್ಮನನ್ನು ಮೂರು ತಿಂಗಳು ಎಲ್ಲಿ ಕೂರಿಸಿದ್ದೆ, ಜಗಲಿಯ ಮೇಲಾ?”

ಲತಾಮಣಿ ಮಡಚುವುದನ್ನು ನಿಲ್ಲಿಸಿದ್ದಳು. “ಕೈ, ಕೈ!” ಎಂದರು ಪುಟ್ಟಗೌರಮ್ಮ. ಅವಳು ಗಡಿಬಿಡಿಯಿಂದ ಒಂದು ತುಂಡು ಎತ್ತಿಕೊಂಡಳು. ಅವರು ಮುಂದುವರಿಸಿದರು.

ಹುಡುಗಿ ಮುದುಕನನ್ನು ಮಲಗಿಸಿದಳು. ಒಂದು ಮಗ್ಗುಲಿಗೆ ತಿರುಗಿಸಿದಳು. ಹಳೆಯ ಹಾಸುಬಟ್ಟೆಯನ್ನು ಅವನ ಬೆನ್ನಿನವರೆಗೆ ಸುತ್ತಿ ಸರಿಸಿ, ಆ ಜಾಗದಲ್ಲಿ ಹೊಸದನ್ನು ಅರ್ಧ ಹಾಸಿದಳು. ಈ ಕಡೆಗೆ ತಿರುಗಿಸಿ ಉಳಿದರ್ಧ ಎಳೆದಳು. ಅಮ್ಮನಿಗೆ ದಿನಾ ಹೀಗೇ ಮಾಡುತ್ತಿದ್ದಳು, ಬೈಸಿಕೊಳ್ಳುತ್ತ. ಭುಜ ಹಿಡಿದು ತಿರುಗಿಸಿದಾಗ ಅಂಗೈಗೆ ಬಿಸಿ ತಾಗಿತು. ಬೆನ್ನು ಒರೆಸುವಾಗ ಸೊಂಟದ ಹತ್ತಿರ ಚರ್ಮ ಕೆಂಪಗಾಗಿ, ಇನ್ನೇನು ಹುಣ್ಣಾಗುವಂತೆ ಇರುವುದು ಕಂಡಿತು. ಅವಳು ಏನೂ ಕೇಳಿರಲಿಲ್ಲ. ಆದರೂ ಮುದುಕನೇ ಹೇಳಿದ, ಎರಡು ದಿನದಿಂದ ಗಂಜಿ ಇಳಿಯುತ್ತಿಲ್ಲ, ಕಣ್ಣಿಗೆ ನಿದ್ದೆ ಹತ್ತುತ್ತಿಲ್ಲ ಮಗು ಎಂದು. ಮುಖ ಹತ್ತಿರ ಬಂದರೆ ಜನ ಮಾತಾಡುತ್ತಾರೆ. ಹಾಸುಬಟ್ಟೆಯ ಕೊನೆಯ ಮೂಲೆ ಸಿಕ್ಕಿಸುವ ಹೊತ್ತಿಗೆ ಹಲಗೆಯ ಮೇಲೆ ಬರೆಯಬೇಕಾದದ್ದೆಲ್ಲ ಅವಳಿಗೆ ಗೊತ್ತಾಗಿತ್ತು. ಹಳೆಯದನ್ನು ಒರೆಸಿ ಹೊಸದಾಗಿ ಬರೆದಳು.

ಅಷ್ಟರಲ್ಲಿ ಗಂಟೆ ಹೊಡೆಯಿತು. ಆಗಿದ್ದದ್ದು ಒಂದು ಹಾಸಿಗೆ, ಬಾಕಿ ಐದು. ಮೂರನೆಯ ಸಲ ತಡವಾಗಿತ್ತು. ಹುಡುಗಿ ಯಾರೂ ಹೇಳುವ ಮುಂಚೆಯೇ ಒಳಗೆ ಹೋಗಿ ತನ್ನ ಗಂಟು ತಂದಳು.

“ಕಳಿಸಿಯೇಬಿಟ್ಟರಾ ಮೇಡಂ?” ಲತಾಮಣಿ ತಡೆಯಲಾರದೆ ಕೇಳಿದಳು.

“ನಿನಗ್ಯಾಕೆ? ನೀನು ಹೋಗೋವಳು” ಎಂದರು ಪುಟ್ಟಗೌರಮ್ಮ. ಒಂದು ತುಂಡು ನಿಧಾನವಾಗಿ ಮಡಚಿಟ್ಟು, ಅವಳು ಚಡಪಡಿಸುವುದನ್ನು ಚೆನ್ನಾಗಿ ನೋಡಿ, ಆಮೇಲೆ ಮುಂದಿನದನ್ನು ಹೇಳಿದರು.

ವೈದ್ಯೆ ಗಂಟು ನೋಡಿದಳು, ಹುಡುಗಿಯನ್ನು ನೋಡಿದಳು. “ತಡ ಆಗಿದ್ದು ಆ ಒಂಬತ್ತು ದಿನ. ನೀನು ಹೊತ್ತಿಗೆ ಸರಿಯಾಗಿ ಬಂದಿದ್ದು ಇವತ್ತೇ ಮೊದಲು. ಗಂಟು ಕೆಳಗಿಡು, ಬಿಸಿ ಗಂಜಿ ತಾ” ಎಂದಳು.

ಮರುದಿನವೇ ಎಲ್ಲ ಸಲೀಸಾಯಿತು ಎಂದುಕೊಂಡೆಯಾ? ಎಲ್ಲಿ ಬಂತು! ಮರುದಿನ ಗಂಟೆ ಹೊಡೆದಾಗ ಎರಡು ಹಾಸಿಗೆ ಆಗಿತ್ತು. ಒಂದು ವಾರಕ್ಕೆ ನಾಲ್ಕಾಯಿತು. ಆರೂ ಆಗಲು ಒಂದು ತಿಂಗಳು ಹಿಡಿಯಿತು. ವೈದ್ಯೆ ಅಷ್ಟು ದಿನ ಕಾದಳು, ಬೈದಳು, ಮತ್ತೆ ಕಾದಳು. ಕೆಲಸ ಒಂದೂ ಕಡಿಮೆಯಾಗಲಿಲ್ಲ. ಓಡಾಟ ಕಡಿಮೆಯಾಯಿತು. ಮೊದಲು ಒಬ್ಬೊಬ್ಬರ ಹತ್ತಿರ ಐದು ಸಲ ಹೋಗಿ ಐದು ಕೆಲಸ ಮಾಡುತ್ತಿದ್ದಳು. ಈಗ ಒಂದು ಸಲ ಹೋಗಿ ಒಬ್ಬ ಮನುಷ್ಯನನ್ನು ನೋಡಿಕೊಂಡು ಬರುತ್ತಿದ್ದಳು, ಐದೂ ಅದರಲ್ಲೇ ಮುಗಿಯುತ್ತಿದ್ದವು.

ಕುಂಬಾರನಿಗೆ ವಾಸಿಯಾಯಿತು. ಹೊರಡುವಾಗ, ಮೊದಲಿನಷ್ಟು ಚೆನ್ನಾಗಿ ಹಾಸ್ತಿಲ್ಲ ಮಗು, ಸುಕ್ಕು ಕಾಣ್ತಿದೆ ಎಂದು ಅವಳನ್ನು ರೇಗಿಸಿ ಹೋದ. ಹದಿನೈದು ದಿನ ಬಿಟ್ಟು ಅವಳಿಗೆ ಒಂದು ಮಡಕೆ ಕಳಿಸಿದ. ಇದು ಸುಟ್ಟ ಮಡಕೆ, ಧೈರ್ಯವಾಗಿ ಮುಟ್ಟು ಎಂದು ಹೇಳಿಕಳಿಸಿದ್ದ.

ಕತೆ ಮುಗಿಯಿತು. ಬಟ್ಟೆಯೂ ಮುಗಿದಿತ್ತು. ಲತಾಮಣಿ ನಗುತ್ತಿದ್ದಳು. ಆಮೇಲೆ ಮೇಜಿನ ಮೇಲಿದ್ದ ತನ್ನ ಅರ್ಜಿ ಕಣ್ಣಿಗೆ ಬಿದ್ದು ನಗು ನಿಂತಿತು.

“ಆ ಹುಡುಗಿಗೆ ಅಮ್ಮನನ್ನು ನೋಡಿಕೊಂಡು ಗೊತ್ತಿತ್ತು ಮೇಡಂ. ಅವಳಿಗೆ ನೆನಪು ಮಾಡಿದರೆ ಸಾಕಾಗಿತ್ತು. ನಾನು ಇಲ್ಲಿಗೆ ಬರುವಾಗ ನನಗೇನು ಗೊತ್ತಿತ್ತು?”

ಪುಟ್ಟಗೌರಮ್ಮ ಫೈಲು ತೆರೆದರು. ಕನ್ನಡಕ ಏರಿಸಿಕೊಂಡು ಲತಾಮಣಿಯ ಸೇರುವ ಅರ್ಜಿಯನ್ನು ಗಟ್ಟಿಯಾಗಿ ಓದಿದರು.

“ನರ್ಸ್ ಆಗಲು ಕಾರಣ. ನಮ್ಮ ಸೋದರತ್ತೆ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದರು. ಎಲ್ಲರೂ ಅವರನ್ನು ಹನ್ನೊಂದನೇ ಬೆಡ್ ಎಂದು ಕರೆಯುತ್ತಿದ್ದರು. ಒಬ್ಬ ನರ್ಸ್ ಮಾತ್ರ ಕೆಂಪಮಾದಮ್ಮ ಎಂದು ಹೆಸರು ಹಿಡಿದು ಕರೆಯುತ್ತಿದ್ದರು. ಅವರು ಬಂದಾಗ ನಮ್ಮತ್ತೆ ಎದ್ದು ಕೂರುತ್ತಿದ್ದರು. ನಾನು ಆ ನರ್ಸಿನ ಹಾಗೆ ಆಗಬೇಕು.”

ಓದಿ ಮುಗಿಸಿ ಅದನ್ನು ಪಕ್ಕಕ್ಕಿಟ್ಟರು. ಶಾಲೆ ಬಿಡುವ ಅರ್ಜಿಯನ್ನು ಮುಂದಕ್ಕೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು.

“ಸಹಿ ಹಾಕ್ತೀನಿ ಮಗ. ಅದಕ್ಕೆ ಮುಂಚೆ ಹೇಳು, ಏಳನೇ ಬೆಡ್ಡಿನ ಅಜ್ಜಿಯ ಹೆಸರೇನು?”

“ಕೇಳಿಕೊಂಡು ಬರ್ತೀನಿ ಮೇಡಂ” ಎಂದು ಲತಾಮಣಿ ಅರ್ಜಿಯನ್ನು ಅಲ್ಲೇ ಬಿಟ್ಟು ವಾರ್ಡಿನ ಕಡೆ ಓಡಿದಳು.