ಎರಡು ಪಂಕ್ತಿಯ ಯಂತ್ರ

ರಾಜ ಡಂಗುರ ಹೊಡೆಸಿದ: "ನಮ್ಮ ಮಗಳು ಹೊನ್ನಲದೇವಿ ಅರಮನೆಯ ಕಂಪ್ಯೂಟರಿನ ಮೇಲೆ ಮೂರು ಒಗಟು ಒಡ್ಡುತ್ತಾಳೆ. ಬಿಡಿಸಿದವನಿಗೆ ಮಗಳು, ಅರ್ಧ ರಾಜ್ಯ. ಸೋತವನ ತಲೆ ನಮಗೆ." ಇನ್ನೊಬ್ಬರ ತಲೆಯ ಮೇಲೆ ರಾಜರಿಗಿರುವ ಮೋಹ ಯಾವ ಸೀಮೆಗೆ ಹೋದರೂ ಒಂದೇ.

ಮದುವೆಮನೆಗಳಲ್ಲಿ ಊಟ ಬಡಿಸುವ ಮಾಳಿಂಗನಿಗೆ ರಾಜಕುಮಾರಿಯ ಆಸೆಯಿರಲಿಲ್ಲ. ಅವನ ಅಣ್ಣ ಬೀರ ಆಸೆಪಟ್ಟು, ಸೋತು, ಸಭೆಯ ಮೂಲೆಯಲ್ಲಿ ಕಟ್ಟಿಸಿಕೊಂಡು ಕೂತಿದ್ದ. ಸಂಜೆಗೆ ತಲೆ ಹೋಗುವುದಿತ್ತು. ಅಣ್ಣನನ್ನು ಬಿಡಿಸಿಕೊಳ್ಳಲು ಮಾಳಿಂಗ ಬಂದ.

"ಹಳೆಯ ತಂತ್ರಾಂಶಕ್ಕೊಂದು ಫೋಲ್ಡರು, ಹೊಸದಕ್ಕೊಂದು. ಒಂದೇ ಯಂತ್ರದೊಳಗೆ ಎರಡು ಮನೆ ಯಾಕೆ?" ಎಂದಳು ಹೊನ್ನಲದೇವಿ.

"ಹಳೆಯದು ಕಸ. ಎಸೆಯುವ ತನಕ ಮೂಲೆಗಿಟ್ಟಿರುತ್ತಾರೆ," ಎಂದ ಮಂತ್ರಿಯ ಮಗ. ಅವನನ್ನು ಕಟ್ಟಿದರು.

"ಹಳೆಯದು ಹೊಸದನ್ನು ಕೆಡಿಸೀತು ಅಂತ ಬೇಲಿ," ಎಂದ ಜವಳಿ ಸಾಹುಕಾರ. ಅವನನ್ನೂ ಕಟ್ಟಿದರು.

ಮಾಳಿಂಗ ಮುಂದೆ ಬಂದ. "ನನಗೆ ಯಂತ್ರ ಗೊತ್ತಿಲ್ಲ ತಾಯಿ, ಪಂಕ್ತಿ ಗೊತ್ತು. ಹಲ್ಲಿಲ್ಲದವರಿಗೆ ಮೆತ್ತನೆಯ ಅನ್ನ, ಹುಡುಗರಿಗೆ ಉದುರು. ಎರಡರ ಹೆಸರೂ ಅನ್ನವೇ. ಕಲಸಿಹೋದರೆ ಇಬ್ಬರಿಗೂ ಊಟವಿಲ್ಲ. ಅದಕ್ಕೇ ಪಂಕ್ತಿ ಬೇರೆ."

"ಹಾಗೇ," ಎಂದಳು ಅವಳು. "ಹಳೆಯದು ಒಂದು ತುತ್ತಿಗೆ ಮೂವತ್ತೆರಡು ಅಗುಳು, ಯಂತ್ರದ ಮಾತಿನಲ್ಲಿ ಬಿಟ್, ತಿನ್ನುತ್ತದೆ, ಹೊಸದು ಅರವತ್ತನಾಲ್ಕು. ಎರಡಕ್ಕೂ ನೆರವಾಗುವ ಕಡತಗಳ ಹೆಸರು ಮಾತ್ರ ಒಂದೇ. ಇನ್ನು ಎರಡನೆಯದು. ಹಳೆಯದು ಬಂದು, ಯಂತ್ರದ ಮೂಲ ಕಡತಗಳಿರುವ ದೊಡ್ಡಮನೆ ಎಲ್ಲಿ ಎನ್ನುತ್ತದೆ. ಬೇರೆ ಮನೆ ಸೇರುತ್ತದೆ. ಆದರೂ ದೊಡ್ಡಮನೆಯಲ್ಲೇ ಇದ್ದೇನೆ ಅಂದುಕೊಳ್ಳುತ್ತದೆ. ಹೇಗೆ?"

"ಬಾಗಿಲಲ್ಲೊಬ್ಬ ಒಳ್ಳೆಯವನಿದ್ದಾನೆ. 'ಬನ್ನಿ ಅಜ್ಜಾ' ಅಂತ ಕೈಹಿಡಿದು ಅವರ ಪಂಕ್ತಿಗೇ ಕೂರಿಸುತ್ತಾನೆ. ನಿಮ್ಮದು ಬೇರೆ ಅಂತ ಹೇಳಿ ನೋಯಿಸುವುದಿಲ್ಲ."

ಅವಳ ಮುಖ ಅರಳಿತು. "ಯಂತ್ರದ ಈ ಮರ್ಯಾದೆ ಕಂಡೇ ನಾನು ಅದಕ್ಕೆ ಮನಸೋತದ್ದು. ಕೊನೆಯದು: ದೊಡ್ಡಮನೆಯೊಳಗೆ ಇರುವುದೆಲ್ಲ ಅರವತ್ತನಾಲ್ಕರವು, ಬಾಗಿಲ ಮೇಲಿನ ಹೆಸರು ಮೂವತ್ತೆರಡು. ಯಾಕೆ ಅಳಿಸಲಿಲ್ಲ?"

ಬೀರ ಕಣ್ಣು ಮುಚ್ಚಿದ. ಅವನು ಸೋತದ್ದು ಇಲ್ಲೇ. 'ಬರೆದವನ ಮರೆವು' ಎಂದಿದ್ದ.

ಮಾಳಿಂಗ ಅಣ್ಣನತ್ತ ನೋಡಿ ಹೇಳಿದ: "ನಮ್ಮೂರ ಹೊಸಕೆರೆ ಮುತ್ತಜ್ಜನ ಕಾಲದ್ದು. ಆದರೂ ಹೊಸಕೆರೆಯೇ. ಮೊನ್ನೆ ಬಂದ ಸೊಸೆಯೂ ಆ ಹೆಸರು ಹಿಡಿದೇ ದಾರಿ ಕೇಳುತ್ತಾಳೆ. ಹೆಸರು ಅಳಿಸಿದರೆ ಹೊಸಬರೂ ದಾರಿ ತಪ್ಪುತ್ತಾರೆ ತಾಯಿ."

"ಮೂರೂ ಸರಿ," ಎಂದಳು ಹೊನ್ನಲದೇವಿ. "ಏನು ಬೇಕು, ಕೇಳು."

"ಅಣ್ಣನನ್ನು ಬಿಡಿ. ಉಳಿದವರನ್ನೂ ಬಿಡಿ. ತಪ್ಪು ಹೇಳಿದವರಿಗೂ ಒಂದು ಪಂಕ್ತಿ ಇರಲಿ."

"ನಾನು ಬೇಡವೇನೋ?"

"ನೀವೂ ಒಪ್ಪಿದರೆ."

ಅವಳು ನಕ್ಕಳು. ರಾಜ ಮನಸ್ಸಿಲ್ಲದ ಮನಸ್ಸಿನಿಂದ ಹಗ್ಗ ಬಿಚ್ಚಿಸಿದ. ಮದುವೆಯ ದಿನ ಊಟದ ಹೊತ್ತಿಗೆ ಮದುಮಗನೇ ಸೌಟು ಹಿಡಿದು ಎದ್ದನಂತೆ. ಕೈಹಿಡಿದು ಕೂರಿಸುವಷ್ಟರಲ್ಲಿ ಮದುಮಗಳಿಗೆ ಸಾಕುಸಾಕಾಯಿತಂತೆ.