ವಸ್ತಾದ ಬಿಚ್ಚಿಟ್ಟ ಗಾಲಿ

ಕಪ್ಪತಗುಡ್ಡದ ಬುಡದಾಗ ಒಂದೂರು. ಆ ಊರಾಗ ನೀಲವ್ವ ಅಂತ ಒಂದು ಹುಡುಗಿ. ಗುಡ್ಡದ ಕಲ್ಲುದಾರ್ಯಾಗ ಗೇರಿನ ಸೈಕಲ್ ಹೊಡದು ಗಂಡುಹುಡುಗ್ರ ಮೀಸಿ ಮಣ್ಣು ಮಾಡಿದಾಕಿ.

ಸೈಕಲ್ ರೇಸಿನ ತರಬೇತಿ ಕೊಡೋ ಹಾಸ್ಟೆಲ್ಲಿಗೆ ಹುಡುಗ್ಯಾರ್ನ ಆರಿಸೋ ರೇಸು ಮಂಗಳವಾರ ಇತ್ತು. ಗುಡ್ಡ ಹತ್ತಿ ಮೊದಲ ಮೂರರಾಗ ಬಂದವ್ರಿಗಷ್ಟ ಜಾಗ. ಮುಂದಿನ ವರ್ಷಕ್ಕ ನೀಲವ್ವನ ವಯಸ್ಸು ಮೀರತಿತ್ತು. ಹಿಂಗಾಗಿ ಆಕಿಗೆ ಇದ ಕಡೀದು.

ಬೆಳಿಗ್ಗೆ ಹತ್ತತಿದ್ಲು, ಸಂಜಿಗೆ ಹತ್ತತಿದ್ಲು. ಒಂದಿನಾನೂ ಬಿಡ್ಲಿಲ್ಲ. ಏನಾತು? ಹತ್ತಿದಷ್ಟೂ ಹಿಂದ ಬೀಳಾಕತ್ಲು. ನಡುಗುಡ್ಡಕ್ಕ ಬಂದ್ರ ತೊಡಿ ಕಲ್ಲಾಗೂವು. ಉಣ್ಣಾಕ ಕುಂತ್ರ ರೊಟ್ಟಿ ಸೇರತಿದ್ದಿಲ್ಲ. ಅವ್ವಗ ಕಾಣಬಾರದಂತ ಹೊದಿಕ್ಯಾಗ ಮಾರಿ ಮುಚಗೊಂಡು ಅಳತಿದ್ಲು.

ಆಕಿಗೆ ಕಲಿಸಾಂವ ದಾವಲಸಾಬ ವಸ್ತಾದ. ಮೊದ್ಲು ಗರಡ್ಯಾಗ ಪೈಲವಾನರ್ನ ತಯಾರ ಮಾಡಿದಾಂವ. ಅವನ ಮುಂದ ಕೆಮ್ಮಾಕೂ ಮಂದಿ ಹೆದರತಿದ್ರು.

ಸೋಮವಾರ ಬೆಳಿಗ್ಗೆ ನೀಲವ್ವ ಎದ್ದು ನೋಡ್ತಾಳ, ಸೈಕಲ್ಲಿಗೆ ಮುಂದಿನ ಗಾಲೀನ ಇಲ್ಲ. ವಸ್ತಾದ ಕಟ್ಟಿ ಮ್ಯಾಲ ಚಾ ಕುಡಕೋತ ಕುಂತಾನ. ಗಾಲಿ ಅವನ ಬಗಲಾಗ ಐತಿ.

"ಕಾಕಾ, ಗಾಲಿ ಕೊಡ್ರಿ. ನಾಳೆ ರೇಸ್ ಐತಿ."

"ಅದಕ್ಕ ಬಿಚ್ಚೇನಿ."

"ರೇಸಿಗೆ ಬರೋ ಆ ಮುಂಡರಗಿ ಹುಡುಗಿ ಈಗ ಗುಡ್ಡ ಹತ್ತಾಕತ್ತಿರ್ತಾಳ. ನಾ ಕುಂತ್ರ ನನ್ನ ಕಾಲು ಜಡ್ಡ ಹಿಡೀತಾವು."

"ಇವತ್ತ ಯಾ ವಾರ?"

"ಸೋಮವಾರ."

"ನಿಮ್ಮಪ್ಪ ಎತ್ತು ಹೂಡ್ಯಾನೇನು?"

ನೀಲವ್ವ ಕೊಟ್ಟಿಗಿ ಕಡೆ ನೋಡಿದ್ಲು. ಎರಡೂ ಎತ್ತು ಮಲಗಿ ಮೆಲುಕು ಹಾಕತಿದ್ವು. ಸೋಮವಾರ ಬಸವಣ್ಣನ ವಾರ. ಎಂಥಾ ಬಿತ್ತಿಗಿ ಹದ ಇದ್ರೂ ಅವತ್ತ ಅಪ್ಪ ನೊಗ ಮುಟ್ಟಾಂವಲ್ಲ.

"ಅವು ಎತ್ತು, ಕಾಕಾ," ಅಂದ್ಲು.

"ಹೌದವಾ. ಅವಕ್ಕ ಮಾತು ಬರೂದಿಲ್ಲಂತ ನಿಮ್ಮಪ್ಪ ಕನಿಕರ ಮಾಡ್ತಾನ. ನಿನ್ನ ಕಾಲಿಗೂ ಮಾತು ಬರೂದಿಲ್ಲ, ಮಗಳ. ಅವಕ್ಕ ಯಾರು ಕನಿಕರ ಮಾಡಬೇಕು?"

ಹಂಗಂದು ವಸ್ತಾದ ಎದ್ದ. "ಗಾಲಿ ಇಲ್ಲೇ ಬಿಟ್ಟೇನಿ. ಹಾಕ್ಕೊಳ್ಳೂದು ಬಿಡೂದು ನಿನ್ನ ಕೈಯಾಗ," ಅಂದಾಂವ ತಿರುಗಿ ನೋಡದ ಹೋದ.

ನೀಲವ್ವ ಗಾಲಿ ತೊಡಿ ಮ್ಯಾಲ ಇಟಗೊಂಡು ಬಾಳೊತ್ತು ಕುಂತ್ಲು. ಎರಡ ಸಲ ಸೈಕಲ್ ತನಕ ಹೋಗಿ ಬಂದ್ಲು. ಕಡೀಕ ಗಾಲೀನ ಗ್ವಾಡಿಗೆ ಆನಿಸಿ ಒಳಗ ಹೋದ್ಲು.

"ಅವ್ವಾ, ಹಸಿವಾಗೇತಿ."

ಅವ್ವ ರೊಟ್ಟಿ ಮಸರು ಕೊಟ್ಲು. ಬಿಸಿನೀರು ಹಾಕಿ, ಕಾಲಿಗೆ ಎಣ್ಣಿ ತಿಕ್ಕಿದ್ಲು. ಹೊತ್ತು ಮುಳಗೂದ್ರಾಗ ಹುಡುಗಿಗೆ ಗಡದ್ದ ನಿದ್ದಿ.

ಮಂಗಳವಾರ ಗಾಲಿ ಹಾಕ್ಕೊಂಡು ರೇಸಿಗೆ ಇಳದ್ಲು. ನಡುಗುಡ್ಡಕ್ಕ ಬಂದ್ಲು. ತೊಡಿ ಕಲ್ಲಾಗ್ಲಿಲ್ಲ. ಎದ್ದು ನಿಂತು ತುಳಿಯೋರ ಹಿಂದಿನ ಗಾಲಿ ಹರಳಿನ ಮ್ಯಾಲ ಜಾರತಿದ್ರ, ಈಕಿ ಗೇರ್ ಹಗುರ ಮಾಡಿ, ಸೀಟ್ ಬಿಡದ ತುಳದ್ಲು. ಒಬ್ಬೊಬ್ಬರ್ನ ದಾಟಿದ್ಲು. ಮೊದಲನೇದಾಕಿ ಆದಾಕಿ ಮುಂಡರಗಿ ಹುಡುಗೀನ, ಸುಳ್ಳ ಯಾಕ ಹೇಳೂದು. ಆಕಿ ಕಾಲು ಬ್ಯಾರೆ, ಈಕಿ ಕಾಲು ಬ್ಯಾರೆ. ನೀಲವ್ವ ಮೂರನೇದಾಕಿ. ಜಾಗ ಸಿಕ್ತು.

ಗುಡ್ಡದ ತುದ್ಯಾಗ ವಸ್ತಾದ ತಲಿಗೆ ಸುತ್ತಿದ ಟಾವೆಲ್ ಬಿಚ್ಚಿ ಆಕಿ ಮಾರಿ ಒರಸಿದ.

"ಮೂರನೇದಾಕೀನ? ರವಿವಾರನೂ ಕುಂಡರಸಿದ್ರ ಎರಡನೇದಾಕಿ ಆಗತಿದ್ದಿ," ಅಂತ ಗದರಿಸಿದ. ಆಮ್ಯಾಲ ಅದ ಟಾವೆಲ್ಲಿಂದ ತನ್ನ ಕಣ್ಣೂ ಒರಸಿಕೊಂಡ.

ನೀತಿ: ದುಡದ್ರ ಮೈ ಗಟ್ಟಿ ಆಗತೈತಿ ಅಂತ ಎಲ್ಲಾರೂ ಹೇಳ್ತಾರ. ದುಡದು ದಣಿವಾರಿಸಿಕೊಂಡ್ರನ ಅದು ಗಟ್ಟಿ ಆಗೂದು. ನಿಮ್ಮ ಮೈ ಮ್ಯಾಲ ನಿಮಗೂ ಒಂಚೂರು ಕನಿಕರ ಇರ್ಲಿ.